ಸ್ಥಿರ ಐಸೋಟೋಪ್ ವಿಶ್ಲೇಷಣೆಗೆ ಮಾದರಿ ಸಿದ್ಧಪಡಿಸಿ ಕಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಐಸೋಟೋಪ್ ಲ್ಯಾಬಿಗೆ ಮಾದರಿ ಕಳಿಸುವವರು ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ದಾರಿಯಲ್ಲೇ ನಿಲ್ಲಿಸಿ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನವು ಇಂಗಾಲ ಮತ್ತು ಸಾರಜನಕದ ಸುತ್ತಲೇ ಇವೆ; ಬರುವ ಮಾದರಿಗಳೂ ಹೆಚ್ಚಾಗಿ ಅವೇ. ಪ್ರತಿ ಲ್ಯಾಬಿಗೂ ತನ್ನದೇ ಕಟ್ಟಳೆ ಇರುತ್ತದೆ. ಇಲ್ಲಿನ ಅಂಕಿಗೂ ನಿಮ್ಮ ಲ್ಯಾಬಿನ ಸೂಚನೆಗೂ ವ್ಯತ್ಯಾಸ ಕಂಡರೆ ಲ್ಯಾಬಿನ ಮಾತೇ ನಡೆಯಲಿ.

## ಮೊದಲ ಸಲ ಕಳಿಸುವವರಿಗೆ

ಐಸೋಟೋಪ್ ಅಂದರೆ ವಿಕಿರಣ ಇರುತ್ತೆ ಅಲ್ವಾ? ಅದಕ್ಕೇನಾ ಕೈಗವಸು ಹಾಕಿ ಅನ್ನೋದು?

ಐಸೋಟೋಪ್ ಎಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು. ಸ್ಥಿರ ಐಸೋಟೋಪಿನಲ್ಲಿ ವಿಕಿರಣ ಇಲ್ಲ. ಇಂಗಾಲ-14 ಕಾಲಕ್ರಮೇಣ ಕ್ಷಯಿಸುತ್ತದೆ; ಇಂಗಾಲ-12 ಮತ್ತು ಇಂಗಾಲ-13 ಇದ್ದ ಹಾಗೇ ಇರುತ್ತವೆ. ಪ್ರಕೃತಿಯ ಇಂಗಾಲದಲ್ಲಿ 13ರ ಪಾಲು ಸುಮಾರು 1.1%, ಸಾರಜನಕದಲ್ಲಿ 15ರ ಪಾಲು ಸುಮಾರು 0.37%. ಈ ಸಣ್ಣ ಪಾಲಿನಲ್ಲಿ ಆಗುವ ಇನ್ನೂ ಸಣ್ಣ ಏರುಪೇರನ್ನು ನಾವು ಅಳೆಯುತ್ತೇವೆ.

ಕೈಗವಸು ಬೇಕಾಗಿರುವುದು ಮಾದರಿಯ ರಕ್ಷಣೆಗೆ. ಬೆರಳಿನ ಜಿಡ್ಡು, ಬೆವರು, ಚರ್ಮದ ಹೊಟ್ಟು ಎಲ್ಲದರಲ್ಲೂ ಇಂಗಾಲ, ಸಾರಜನಕ ಇದೆ. 1 ಮಿಲಿಗ್ರಾಂ ಮಾದರಿಯ ಮುಂದೆ ಅದು ಲೆಕ್ಕಕ್ಕೆ ಬರುತ್ತದೆ. ಪೌಡರ್ ಹಾಕದ ನೈಟ್ರೈಲ್ ಕೈಗವಸು ಒಳ್ಳೆಯದು.

ಯಂತ್ರ ಒಳಗೆ ಏನು ಮಾಡುತ್ತೆ? ಅದು ತಿಳಿದರೆ ಇಷ್ಟೊಂದು ನಿಯಮ ಯಾಕೆ ಅಂತಾದರೂ ಗೊತ್ತಾಗುತ್ತೆ.

ಪುಡಿ ತುಂಬಿದ ತವರದ ಪುಟ್ಟ ಕ್ಯಾಪ್ಸೂಲ್ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯ ಕುಲುಮೆಗೆ ಬೀಳುತ್ತದೆ. ಅದೇ ಗಳಿಗೆಗೆ ಒಳಗೆ ಶುದ್ಧ ಆಮ್ಲಜನಕ ಬಿಡುತ್ತಾರೆ. ತವರ ಭಗ್ಗನೆ ಹೊತ್ತಿಕೊಂಡು ಬಿಸಿ ಕ್ಷಣಕಾಲ 1800 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ, ಮಾದರಿ ಪೂರ್ತಿ ಅನಿಲವಾಗುತ್ತದೆ. ಹೀಲಿಯಂ ಆ ಅನಿಲವನ್ನು ಹೊತ್ತು ಬಿಸಿ ತಾಮ್ರದ ಮೇಲೆ ಹಾಯಿಸುತ್ತದೆ. ಸಾರಜನಕದ ಆಕ್ಸೈಡುಗಳು ಅಲ್ಲಿ ಬರೀ ಸಾರಜನಕವಾಗುತ್ತವೆ, ಉಳಿದ ಆಮ್ಲಜನಕವೂ ಅಲ್ಲೇ ಸಿಕ್ಕಿಬೀಳುತ್ತದೆ. ನೀರಿನ ಆವಿಯನ್ನು ತೆಗೆದು, ಸಾರಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕಾಲಂ ಎಂಬ ಉದ್ದ ಕೊಳವೆಯಲ್ಲಿ ಬೇರ್ಪಡಿಸಿ, ಒಂದಾದ ಮೇಲೊಂದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುತ್ತಾರೆ. ಅಣುಗಳನ್ನು ತೂಕದ ಪ್ರಕಾರ ಬೇರೆ ಮಾಡುವ ಆ ಯಂತ್ರ ಸಾರಜನಕದಲ್ಲಿ 28 ಮತ್ತು 29, ಆಮೇಲೆ ಇಂಗಾಲದ ಡೈಆಕ್ಸೈಡಿನಲ್ಲಿ 44, 45, 46 ದ್ರವ್ಯರಾಶಿಗಳನ್ನು ಎಣಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಕ್ಯಾಪ್ಸೂಲಿನಲ್ಲಿ ಇದ್ದದ್ದೆಲ್ಲ ಉರಿಯುತ್ತದೆ. ಎಲೆಯ ಇಂಗಾಲ ಯಾವುದು, ಎಲೆಗೆ ಅಂಟಿದ ಸುಣ್ಣದ ಧೂಳಿನ ಇಂಗಾಲ ಯಾವುದು ಎಂದು ಕುಲುಮೆ ಕೇಳುವುದಿಲ್ಲ. ಬೇರೆ ಮಾಡುವುದಿದ್ದರೆ ಅದು ನಿಮ್ಮ ಮೇಜಿನ ಮೇಲೇ ಆಗಬೇಕು. ಮುಂದಿನ ನಿಯಮಗಳೆಲ್ಲ ಹುಟ್ಟಿದ್ದು ಇದರಿಂದಲೇ.

ಫಲಿತಾಂಶ ಎಲ್ಲ ಮೈನಸ್‌ನಲ್ಲಿ ಬಂದಿದೆ. ಏನೋ ಎಡವಟ್ಟಾಗಿದೆಯಾ?

ಇಲ್ಲ. ಫಲಿತಾಂಶದ ಆ ಅಂಕಿಗೆ ಡೆಲ್ಟಾ ಎನ್ನುತ್ತಾರೆ, ಅದೊಂದು ಹೋಲಿಕೆ. ನಿಮ್ಮ ಮಾದರಿಯಲ್ಲಿ ಭಾರದ ಐಸೋಟೋಪಿಗೂ ಹಗುರದ್ದಕ್ಕೂ ಇರುವ ಅನುಪಾತವನ್ನು ಒಂದು ಪ್ರಮಾಣವಸ್ತುವಿನ ಅನುಪಾತದಿಂದ ಭಾಗಿಸಿ, 1 ಕಳೆದು, 1000ದಿಂದ ಗುಣಿಸಿದರೆ ಬರುವ ಅಂಕಿ. ಘಟಕ ಪರ್ ಮಿಲ್, ಅಂದರೆ ಸಾವಿರಕ್ಕೆ ಇಷ್ಟು. ಇಂಗಾಲಕ್ಕೆ ಮೊದಲು ಬಳಸಿದ ಪ್ರಮಾಣವಸ್ತು ಅಮೆರಿಕದ ದಕ್ಷಿಣ ಕೆರೊಲಿನಾದ ಪೀ ಡೀ ಶಿಲಾಸ್ತರದಲ್ಲಿ ಸಿಕ್ಕ ಬೆಲೆಮ್ನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಆ ಪುಡಿ ಎಂದೋ ಮುಗಿದುಹೋಗಿದೆ. ಈಗ ಅಳತೆಗೋಲನ್ನು ‘ವಿಯೆನ್ನಾ ಪಿಡಿಬಿ’ ಎನ್ನುತ್ತಾರೆ (ಪಿಡಿಬಿ ಅಂದರೆ ಪೀ ಡೀ ಬೆಲೆಮ್ನೈಟ್). ಕಡಲ ಚಿಪ್ಪಿನಲ್ಲಿ ಇಂಗಾಲ-13 ಹೆಚ್ಚು, ಗಿಡಗಳಲ್ಲಿ ಕಡಿಮೆ. ಹಾಗಾಗಿ ಸಿ3 ಗಿಡಗಳು (ಭತ್ತ, ಗೋಧಿ, ಹೆಚ್ಚಿನ ಮರಗಳು) ಮೈನಸ್ 27ರ ಆಸುಪಾಸಿನಲ್ಲೂ ಸಿ4 ಗಿಡಗಳು (ಜೋಳ, ಕಬ್ಬು, ಹಲವು ಹುಲ್ಲುಗಳು) ಮೈನಸ್ 13ರ ಆಸುಪಾಸಿನಲ್ಲೂ ನಿಲ್ಲುತ್ತವೆ. ಸಾರಜನಕಕ್ಕೆ ನಾವು ಉಸಿರಾಡುವ ಗಾಳಿಯೇ ಸೊನ್ನೆ. ನೀರಿನ ಜಲಜನಕ, ಆಮ್ಲಜನಕಕ್ಕೆ ಸಾಗರದ ನೀರನ್ನು ಆಧರಿಸಿದ ವಿಯೆನ್ನಾ ಪ್ರಮಾಣ.

ಎಷ್ಟು ಮಾದರಿ ಬೇಕು? ಒಂದು ಚಮಚ ಸಾಕಾ?

ಕುಲುಮೆಗೆ ಹೋಗುವುದು ಸಾಸಿವೆ ಕಾಳಿಗಿಂತಲೂ ಕಡಿಮೆ. ಪ್ರಾಣಿಯ ಸ್ನಾಯು, ಕೂದಲು, ಗರಿ ಆದರೆ ಸುಮಾರು 1 ಮಿಲಿಗ್ರಾಂ. ಎಲೆ 2ರಿಂದ 4. ಮಣ್ಣು 10ರಿಂದ 50 ಅಥವಾ ಇನ್ನೂ ಹೆಚ್ಚು. ಆದರೆ ಈ ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕ ಹಾಕುವುದು ಮೇಲು. ಹೆಚ್ಚಿನ ಲ್ಯಾಬುಗಳಿಗೆ ಒಂದು ಕ್ಯಾಪ್ಸೂಲಿನಲ್ಲಿ 20ರಿಂದ 150 ಮೈಕ್ರೋಗ್ರಾಂ ಸಾರಜನಕ ಇದ್ದರೆ ಸಾಕು. ಎಲೆಯಲ್ಲಿ 2% ಸಾರಜನಕ ಇದ್ದರೆ 3 ಮಿಲಿಗ್ರಾಂ ಪುಡಿಯಲ್ಲಿ 60 ಮೈಕ್ರೋಗ್ರಾಂ ಸಿಗುತ್ತದೆ. ಮಣ್ಣಿನಲ್ಲಿ 0.1% ಮಾತ್ರ ಇದ್ದರೆ 50 ಮೈಕ್ರೋಗ್ರಾಮಿಗೆ 50 ಮಿಲಿಗ್ರಾಂ ಮಣ್ಣು ಬೇಕು.

ಕಟ್ಟಿಗೆಯಲ್ಲಿ ಈ ಲೆಕ್ಕ ಕೈಕೊಡುತ್ತದೆ. ಸಾರಜನಕ 0.1%, ಇಂಗಾಲ ಸುಮಾರು 50%. ಸಾರಜನಕಕ್ಕೆಂದು 50 ಮಿಲಿಗ್ರಾಂ ಹಾಕಿದರೆ ಜೊತೆಗೆ 25 ಮಿಲಿಗ್ರಾಂ ಇಂಗಾಲ ಉರಿಯಬೇಕು. ಯಂತ್ರಕ್ಕೆ ಅದು ವಿಪರೀತ. ಇಂಥವನ್ನು ಇಂಗಾಲಕ್ಕೊಂದು, ಸಾರಜನಕಕ್ಕೊಂದು ಎಂದು ಎರಡು ಸಲ ತೂಗಬೇಕಾಗುತ್ತದೆ.

ಲ್ಯಾಬಿನವರ ಹತ್ತಿರ ಯಾವಾಗ ಮಾತಾಡಬೇಕು? ಎಲ್ಲ ರೆಡಿ ಆದ ಮೇಲೆ ಅಲ್ವಾ?

ಮಾದರಿ ಸಂಗ್ರಹಕ್ಕೆ ಹೊರಡುವ ಮೊದಲು. ಯಾವ ಗಾತ್ರದ ಕ್ಯಾಪ್ಸೂಲ್, ಯಾವ ತಟ್ಟೆ, ಎಷ್ಟು ತೂಕ, ಸರದಿ ಎಷ್ಟು ಉದ್ದ ಎಂಬುದೆಲ್ಲ ಹತ್ತು ನಿಮಿಷದ ಮಾತು. ಮುನ್ನೂರು ಕ್ಯಾಪ್ಸೂಲ್ ತೂಗಿ ಮುಗಿಸಿದ ಮೇಲೆ ಆ ಗಾತ್ರದ ಕ್ಯಾಪ್ಸೂಲ್ ತಮ್ಮ ಯಂತ್ರಕ್ಕೆ ಹೊಂದುವುದಿಲ್ಲ ಎಂಬ ಉತ್ತರ ಕೇಳಿದವರ ಮುಖವನ್ನು ನಾನು ನೋಡಿದ್ದೇನೆ.

## ಕೆಡದಂತೆ ಇಡುವುದು, ಒಣಗಿಸುವುದು, ಪುಡಿ ಮಾಡುವುದು

ಫಾರ್ಮಲಿನ್‌ನಲ್ಲಿಟ್ಟ ಹಳೇ ಮೀನುಗಳಿವೆ. ಬಳಸಬಹುದಾ?

ಬಳಸಬಹುದು, ಆದರೆ ಆ ಅಂಕಿಯನ್ನು ತಾಜಾ ಮೀನಿನ ಅಂಕಿಯ ಪಕ್ಕದಲ್ಲಿ ನೇರವಾಗಿ ಇಡಬೇಡಿ. ಫಾರ್ಮಾಲ್ಡಿಹೈಡ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದರ ಇಂಗಾಲವೂ ಮಾದರಿಯ ಭಾಗವಾಗುತ್ತದೆ. ಸಾಮಾನ್ಯವಾಗಿ ಇಂಗಾಲದ ಮೌಲ್ಯ ಕೆಳಗಿಳಿಯುತ್ತದೆ. ಎಥನಾಲ್ ಹೊರಗಿನ ಇಂಗಾಲ ಸೇರಿಸುವುದರ ಜೊತೆಗೆ ಒಂದಿಷ್ಟು ಕೊಬ್ಬನ್ನೂ ಕರಗಿಸಿ ಒಯ್ಯುತ್ತದೆ. ಹಳೇ ಸಂಗ್ರಹವೇ ಗತಿಯಾದರೆ ಅದೇ ಜಾತಿಯ ತಾಜಾ ಮೀನನ್ನು ಎರಡು ಭಾಗ ಮಾಡಿ, ಒಂದನ್ನು ಹೆಪ್ಪುಗಟ್ಟಿಸಿ, ಇನ್ನೊಂದನ್ನು ಅದೇ ದ್ರಾವಣದಲ್ಲಿಟ್ಟು, ಎಷ್ಟು ಸರಿಯುತ್ತದೆ ಎಂದು ನೀವೇ ಅಳೆಯಿರಿ. ಹೊಸದಾಗಿ ಸಂಗ್ರಹಿಸುವವರು ಫ್ರೀಜರ್ ನಂಬಿ. ಎಲೆಗಳಾದರೆ ಕಾಗದದ ಲಕೋಟೆಯಲ್ಲಿಟ್ಟು ಬೇಗ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತವೆ.

ಓವನ್ ಸಾಕಾ, ಫ್ರೀಜ್ ಡ್ರೈಯರ್ ಬೇಕೇ ಬೇಕಾ?

ಗಿಡ, ಸ್ನಾಯು, ಮಣ್ಣು ಹೆಚ್ಚಿನವಕ್ಕೆ 50ರಿಂದ 60 ಡಿಗ್ರಿಯಲ್ಲಿ 48 ಗಂಟೆ ಸಾಕು. ತೂಕ ಇಳಿಯುವುದು ನಿಂತಿತೇ ನೋಡಿ. ಬೇಗ ಆಗಲಿ ಎಂದು 105 ಡಿಗ್ರಿಗೆ ಏರಿಸಬೇಡಿ, ಆವಿಯಾಗುವ ಸಾವಯವ ಪದಾರ್ಥವೂ ಅಮೋನಿಯಾವೂ ಹೊರಟುಹೋಗುತ್ತವೆ. ಕೊಬ್ಬಿನ ಅಂಶ ಹೆಚ್ಚಿರುವ ಅಂಗಾಂಶಕ್ಕೆ, ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ಫ್ರೀಜ್ ಡ್ರೈಯರ್ ಅನುಕೂಲ: ಓವನ್ನಿನಲ್ಲಿ ಅದು ಎಣ್ಣೆ ಬಿಟ್ಟು ಅಂಟಂಟಾಗುತ್ತದೆ, ಆಮೇಲೆ ಪುಡಿಯಾಗುವುದಿಲ್ಲ.

ಎಷ್ಟು ನುಣ್ಣಗೆ ಇರಬೇಕು? ಮಿಕ್ಸಿಗೆ ಹಾಕಿದರೆ ಆಗಲ್ವಾ?

ಒಂದು ಅಗುಳು ಹಿಸುಕಿದರೆ ಪಾತ್ರೆಯ ಅನ್ನವೆಲ್ಲ ತಿಳಿಯುತ್ತದೆ ಎನ್ನುವ ಲೆಕ್ಕ ಇಲ್ಲಿ ತಾನಾಗಿ ನಡೆಯುವುದಿಲ್ಲ, ನಡೆಯುವಂತೆ ಮಾಡಬೇಕು. ಒಂದು ಎಲೆಯಲ್ಲೇ ನರದ ಮೌಲ್ಯ ಬೇರೆ, ತಿರುಳಿನದು ಬೇರೆ. ಒರಟು ಪುಡಿಯಿಂದ 2 ಮಿಲಿಗ್ರಾಂ ಎತ್ತಿದರೆ ಒಮ್ಮೆ ನರ ಬರುತ್ತದೆ, ಒಮ್ಮೆ ತಿರುಳು. ಟಾಲ್ಕಂ ಪೌಡರಿನಂತೆ ಬೆರಳ ನಡುವೆ ತರಿ ಸಿಗದಷ್ಟು ನುಣುಪು ಬೇಕು. ಬಾಲ್ ಮಿಲ್ ಇದ್ದರೆ ಕೆಲಸ ಸಲೀಸು, ಇಲ್ಲದಿದ್ದರೆ ಅಗೇಟ್ ಕಲ್ಬತ್ತು ಮತ್ತು ತಾಳ್ಮೆ. ಮಿಕ್ಸಿ ಮೊದಲ ಹಂತದ ಒರಟು ಪುಡಿಗೆ ಸರಿ, ಅಷ್ಟಕ್ಕೇ ನಿಲ್ಲಿಸಬೇಡಿ.

ಜರಡಿ ಹಿಡಿಯುವವರು ಇನ್ನೊಂದು ತಪ್ಪು ಮಾಡುತ್ತಾರೆ: ಮೇಲೆ ಉಳಿದ ನಾರನ್ನು ಎಸೆದುಬಿಡುತ್ತಾರೆ. ಆಗ ನೀವು ಎಲೆಯ ಸುಲಭವಾಗಿ ಪುಡಿಯಾಗುವ ಭಾಗವನ್ನಷ್ಟೇ ಅಳೆದಂತಾಯಿತು. ಉಳಿದದ್ದನ್ನು ಮತ್ತೆ ಅರೆದು, ಪೂರ್ತಿ ಜರಡಿ ದಾಟಿಸಿ. ಎರಡು ಮಾದರಿಗಳ ನಡುವೆ ಕಲ್ಬತ್ತು, ಚಿಮಟ, ಚಮಚ ಎಲ್ಲವನ್ನೂ ಎಥನಾಲಿನಿಂದ ಒರೆಸಿ, ಆರಲು ಬಿಡಿ.

ಕೂದಲು, ಗರಿ ಎಷ್ಟು ಅರೆದರೂ ಪುಡಿಯಾಗಲ್ಲ. ಏನು ಮಾಡಲಿ?

ಮೊದಲು ಕ್ಲೋರೋಫಾರ್ಮ್ ಮತ್ತು ಮೆಥನಾಲನ್ನು 2:1ರಲ್ಲಿ ಬೆರೆಸಿದ ದ್ರಾವಣದಲ್ಲಿ ತೊಳೆದು ಮೇಲ್ಮೈ ಜಿಡ್ಡು ತೆಗೆಯಿರಿ. ಇದನ್ನು ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಿ. ಒಣಗಿದ ಮೇಲೆ ಸಣ್ಣ ಕತ್ತರಿಯಿಂದ ತೀರಾ ಚೂರುಚೂರು ಮಾಡಿದರೆ ನಡೆಯುತ್ತದೆ. ಪುಡಿಯೇ ಬೇಕೆಂದರೆ ದ್ರವ ಸಾರಜನಕದಲ್ಲಿ ತಣಿಸಿ ಅರೆಯಬೇಕು. ಇನ್ನೊಂದು ಮಾತು: ಕೂದಲಿನ ಉದ್ದವೇ ಒಂದು ಕಾಲಪಟ್ಟಿ. ಬುಡದ ಕಡೆಯದು ಹೊಸದು, ತುದಿಯದು ಹಳೆಯದು. ಅದು ನಿಮ್ಮ ಪ್ರಶ್ನೆಗೆ ಮುಖ್ಯವಾದರೆ ಅರೆಯುವ ಮೊದಲೇ ತುಂಡು ಮಾಡಿ ಗುರುತಿಟ್ಟುಕೊಳ್ಳಿ.

## ತೂಕ, ಕ್ಯಾಪ್ಸೂಲ್, ತಟ್ಟೆ, ರವಾನೆ

ಸರಿಯಾಗಿ 1.000 ಮಿಲಿಗ್ರಾಂ ಬರಲೇಬೇಕಾ? ಅರ್ಧ ದಿನ ಇದರಲ್ಲೇ ಹೋಗುತ್ತೆ.

ಬೇಡ. 0.8ರಿಂದ 1.2ರ ಒಳಗೆ ಎಲ್ಲಿ ನಿಂತರೂ ಚಿಂತೆಯಿಲ್ಲ. ನಿಂತ ಅಂಕಿಯನ್ನು ಮೂರು ದಶಮಾಂಶದವರೆಗೆ ಸರಿಯಾಗಿ ಬರೆದುಕೊಳ್ಳಿ. ಇಂಗಾಲ, ಸಾರಜನಕದ ಶೇಕಡಾವಾರು ಲೆಕ್ಕ ಅದರ ಮೇಲೆ ನಿಂತಿದೆ. ಡೆಲ್ಟಾ ಮೌಲ್ಯಕ್ಕೆ ತೂಕ ನೇರವಾಗಿ ಬೇಕಿಲ್ಲ, ಆದರೆ ಒಂದು 0.3, ಇನ್ನೊಂದು 3 ಎಂಬಂತೆ ಚದುರಿದ್ದರೆ ಯಂತ್ರದ ಸಂಕೇತವೂ ಚದುರಿ ನಿಖರತೆ ಕೆಡುತ್ತದೆ.

ಕ್ಯಾಪ್ಸೂಲ್ ಮಡಚುವುದರಲ್ಲೂ ಕ್ರಮ ಇದೆಯಾ?

ಬಾಯಿ ಮುಚ್ಚಿ, ಮಡಚಿ, ಚಿಮಟದಿಂದ ಒತ್ತಿ ಸಣ್ಣ ಗುಂಡು ಅಥವಾ ಘನ ಮಾಡಿ. ಒಳಗಿನ ಗಾಳಿ ಹೊರಹೋಗಬೇಕು. ಗಾಳಿಯ 78% ಸಾರಜನಕವೇ. ಕೋಡು, ಬಾಲ ಉಳಿದರೆ, ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಕುಲುಮೆಗೆ ಬೀಳಿಸುವ ಆಟೋಸ್ಯಾಂಪ್ಲರಿನ ತೂತಿನಲ್ಲಿ ಸಿಕ್ಕಿಕೊಂಡು ಆ ರಾತ್ರಿಯ ಸರದಿಯೇ ನಿಲ್ಲುತ್ತದೆ. ಆಮೇಲೆ ಗುಂಡನ್ನು ಶುಭ್ರವಾದ ಕನ್ನಡಿಯ ಮೇಲೆ ಒಂದೆರಡು ಸೆಂಟಿಮೀಟರ್ ಎತ್ತರದಿಂದ ಬೀಳಿಸಿ. ಕನ್ನಡಿ ಮೇಲೆ ಧೂಳು ಕಂಡರೆ ಅದು ಸೋರುತ್ತಿದೆ; ಎಸೆದು ಹೊಸದಾಗಿ ತೂಗಿ. ಸೋರುವ ಕ್ಯಾಪ್ಸೂಲಿಗೆ ಇನ್ನೊಂದು ಕ್ಯಾಪ್ಸೂಲ್ ಸುತ್ತಿ ಕಳಿಸಿದರೆ ತೂಕ ಸುಳ್ಳಾಗಿರುತ್ತದೆ.

ತವರ ಯಾವಾಗ, ಬೆಳ್ಳಿ ಯಾವಾಗ?

ಉರಿಸುವ ಕೆಲಸಕ್ಕೆ, ಅಂದರೆ ಇಂಗಾಲ, ಸಾರಜನಕ, ಗಂಧಕಕ್ಕೆ ತವರ. ಜಲಜನಕ, ಆಮ್ಲಜನಕವನ್ನು ಉರಿಸದೆ ಹೆಚ್ಚು ಬಿಸಿಯಲ್ಲಿ ಒಡೆಯುತ್ತಾರೆ, ಅಲ್ಲಿ ಬೆಳ್ಳಿ. ಆಮ್ಲ ತಾಗಿಸುವ ಮಾದರಿಗೂ ಬೆಳ್ಳಿಯೇ. ಹೈಡ್ರೋಕ್ಲೋರಿಕ್ ಆಮ್ಲ ತವರವನ್ನು ತಿಂದುಹಾಕುತ್ತದೆ.

ತಟ್ಟೆ ತಲುಪುವಷ್ಟರಲ್ಲಿ ಕ್ಯಾಪ್ಸೂಲ್‌ಗಳು ಜಾಗ ಬದಲಾಯಿಸಿದ್ದವಂತೆ. ಹೇಗೆ ಪ್ಯಾಕ್ ಮಾಡಲಿ?

96 ಗುಳಿಯ ತಟ್ಟೆಯ ಮುಚ್ಚಳಕ್ಕೂ ಗುಳಿಗೂ ನಡುವೆ ಸಂದು ಇರುತ್ತದೆ. ಬೋರಲಾದ ತಕ್ಷಣ ಕ್ಯಾಪ್ಸೂಲ್ ಪಕ್ಕದ ಮನೆಗೆ ಹೋಗುತ್ತದೆ. ಗುಳಿಗಳ ಮೇಲೆ ಅಳತೆಗೆ ಕತ್ತರಿಸಿದ ದಪ್ಪ ರಟ್ಟು ಇಟ್ಟು, ಮುಚ್ಚಳ ಒತ್ತಿ, ನಾಲ್ಕೂ ಕಡೆ ಟೇಪ್ ಹಾಕಿ, ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿ. ಹತ್ತಿ, ಟಿಶ್ಯೂ ಬೇಡ, ನಾರು ಅಂಟುತ್ತದೆ.

ಪಟ್ಟಿಯಲ್ಲಿ ತಟ್ಟೆಯ ಹೆಸರು, ಗುಳಿಯ ಸ್ಥಾನ, ಮಾದರಿಯ ಹೆಸರು, ತೂಕ, ಬಗೆ ಇರಲಿ. ಹೆಸರು ಚಿಕ್ಕದಿರಲಿ. ‘3-5’ ಎಂದು ಹೆಸರಿಟ್ಟರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿ ಕೂರಿಸುತ್ತದೆ. ಈ ಒಂದು ಉಪದ್ರವ ನನ್ನ ಎಷ್ಟೋ ಮಧ್ಯಾಹ್ನಗಳನ್ನು ತಿಂದಿದೆ. ಪಟ್ಟಿಯ ಒಂದು ಪ್ರತಿ ಪೆಟ್ಟಿಗೆಯಲ್ಲಿ, ಒಂದು ಇಮೇಲಿನಲ್ಲಿ.

ಬೇರೆ ದೇಶದ ಲ್ಯಾಬಿಗೆ ಮಣ್ಣು ಕಳಿಸಬಹುದಾ?

ಹಲವು ದೇಶಗಳು ಹೊರಗಿನ ಮಣ್ಣಿಗೆ ಆಮದು ಪರವಾನಗಿ ಕೇಳುತ್ತವೆ. ಅದು ಸಾಮಾನ್ಯವಾಗಿ ಪಡೆಯುವ ಲ್ಯಾಬಿನ ಹೆಸರಿನಲ್ಲಿರುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಯಾದರೆ ಒಂದು ಗರಿಗೂ ಕಾಗದ ಬೇಕಾದೀತು. ಪೆಟ್ಟಿಗೆಯ ಮೇಲೆ ಒಳಗಿರುವುದೇನು ಎಂದು ಸತ್ಯವಾಗಿ, ಸರಳವಾಗಿ ಬರೆಯಿರಿ: ಒಣಗಿಸಿ ಪುಡಿ ಮಾಡಿದ ಎಲೆ, ಸಂಶೋಧನೆಗೆ, ಸೋಂಕಿಲ್ಲದ್ದು. ಬರೀ ‘ಐಸೋಟೋಪ್’ ಎಂದು ಬರೆದರೆ ಸುಂಕದ ಮನೆಯಲ್ಲಿ ಅದು ವಿಕಿರಣ ಎಂದೇ ಓದಿಸಿಕೊಳ್ಳುತ್ತದೆ.

## ಮಾದರಿಯ ಬಗೆಗೊಂದು ತಲೆನೋವು

ನನ್ನ ಮಣ್ಣಿನಲ್ಲಿ ಸುಣ್ಣ ಇದೆ. ಆಮ್ಲ ಹಾಕಲೇಬೇಕಾ?

ಸಾವಯವ ಇಂಗಾಲ ಬೇಕಿದ್ದರೆ ಹೌದು. ಸುಣ್ಣಕಲ್ಲಿನ ಇಂಗಾಲದ ಮೌಲ್ಯ ಸೊನ್ನೆಯ ಹತ್ತಿರ. ಮಣ್ಣಿನ ಸಾವಯವ ಇಂಗಾಲ, ಹಿಡಿಯಿರಿ, ಮೈನಸ್ 26. ಒಟ್ಟು ಇಂಗಾಲದಲ್ಲಿ ಹತ್ತರಲ್ಲೊಂದು ಪಾಲು ಸುಣ್ಣದ್ದಾದರೂ ಅಳತೆ ಮೈನಸ್ 23.4ಕ್ಕೆ ಬರುತ್ತದೆ. ಆ 2.6ರ ವ್ಯತ್ಯಾಸವನ್ನು ನೀವು ಸಿ4 ಹುಲ್ಲಿನ ಕೊಡುಗೆ ಎಂದು ಪ್ರಬಂಧದಲ್ಲಿ ಬರೆದುಬಿಡುತ್ತೀರಿ. ಒಂದು ಚಿಟಿಕೆ ಮಣ್ಣಿಗೆ ಆಮ್ಲದ ಹನಿ ಬಿಟ್ಟು ನೊರೆ ಬರುತ್ತದಾ ನೋಡಿ.

ನನಗೆ ಒಪ್ಪಿಗೆಯಾದ ವಿಧಾನ ಆಮ್ಲದ ಆವಿ ಕೊಡುವುದು. ಬೆಳ್ಳಿ ಕ್ಯಾಪ್ಸೂಲಿನಲ್ಲಿ ಮಣ್ಣು ತೂಗಿ, ನೀರಿನ ಹನಿಯಿಂದ ತೇವ ಮಾಡಿ, ಬಾಯಿ ತೆರೆದೇ ತಟ್ಟೆಯಲ್ಲಿಟ್ಟು, 12 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಬೀಕರ್ ಜೊತೆ ಡೆಸಿಕೇಟರ್ ಎಂಬ ಬಿಗಿ ಮುಚ್ಚಳದ ಗಾಜಿನ ಪಾತ್ರೆಯಲ್ಲಿ ಆರೆಂಟು ಗಂಟೆ ಬಿಡಿ, ಎಲ್ಲವೂ ಫ್ಯೂಮ್ ಹುಡ್ ಒಳಗೆ. ಆಮ್ಲದಲ್ಲಿ ನೆನೆಸಿ ತೊಳೆಯುವ ವಿಧಾನದಲ್ಲಿ ಕರಗುವ ಸಾವಯವ ಇಂಗಾಲವೂ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಆವಿಯಲ್ಲಿ ಆ ನಷ್ಟವಿಲ್ಲ. ಆಮೇಲೆ 60 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ. ಬೆಳ್ಳಿ ಈಗ ಪೆಡಸಾಗಿರುತ್ತದೆ, ಹಾಗಾಗಿ ತವರದ ಕ್ಯಾಪ್ಸೂಲಿನಲ್ಲಿ ಇನ್ನೊಮ್ಮೆ ಸುತ್ತಿ. ಉಳಿದ ಕ್ಯಾಲ್ಸಿಯಂ ಕ್ಲೋರೈಡ್ ತೇವ ಹೀರುತ್ತದೆ, ತಡಮಾಡದೆ ಕಳಿಸಿ. ಆಮ್ಲ ಸಾರಜನಕದ ಮೌಲ್ಯವನ್ನು ಕದಡಬಹುದು, ಅದಕ್ಕೆ ಆಮ್ಲ ತಾಗದ ಇನ್ನೊಂದು ಪಾಲನ್ನು ತೂಗಿ.

ಕೊಬ್ಬು ತೆಗೆಯಬೇಕು ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು. ಯಾರನ್ನು ನಂಬಲಿ?

ಇಬ್ಬರೂ ಅರ್ಧ ಸರಿ. ಕೊಬ್ಬಿನಲ್ಲಿ ಇಂಗಾಲ-13 ಪ್ರೋಟೀನಿಗಿಂತ ಕಡಿಮೆ. ಮೈತುಂಬಿದ ಮೀನು ಮತ್ತು ಬಡಕಲು ಮೀನು ಒಂದೇ ಆಹಾರ ತಿಂದರೂ ಬೇರೆ ಬೇರೆ ತಿಂದಂತೆ ಕಾಣುತ್ತವೆ. ಜಲಚರಗಳಲ್ಲಿ ಇಂಗಾಲ-ಸಾರಜನಕದ ತೂಕದ ಅನುಪಾತ 3.5 ದಾಟಿದರೆ ಕೊಬ್ಬು ಅಂಕಿಯನ್ನು ಎಳೆಯುತ್ತಿದೆ ಎಂದುಕೊಳ್ಳಿ. ಆದರೆ ಕ್ಲೋರೋಫಾರ್ಮ್-ಮೆಥನಾಲ್ ಕೊಬ್ಬಿನ ಜೊತೆ ಕೆಲವು ಸಾರಜನಕ ಸಂಯುಕ್ತಗಳನ್ನೂ ಒಯ್ಯುತ್ತದೆ. ಇಂಗಾಲವನ್ನು ಕೊಬ್ಬು ತೆಗೆದ ಪಾಲಿನಿಂದ, ಸಾರಜನಕವನ್ನು ತೆಗೆಯದ ಪಾಲಿನಿಂದ ಅಳೆಯುವುದೇ ಸರಿ. ಖರ್ಚು ದುಪ್ಪಟ್ಟು ಅನಿಸಿದರೆ ಕೆಲವು ಮಾದರಿಗಳನ್ನು ಎರಡೂ ರೀತಿ ಅಳೆದು, ಉಳಿದವಕ್ಕೆ ಗಣಿತದಿಂದ ತಿದ್ದುಪಡಿ ಮಾಡಬಹುದು.

ನೀರಿನ ಮಾದರಿಗೆ ಪ್ಲಾಸ್ಟಿಕ್ ಬಾಟಲಿ ಆಗುತ್ತಾ? ಅರ್ಧ ತುಂಬಿದರೂ ಸಾಕಾ?

ಆಮ್ಲಜನಕ-18, ಡ್ಯೂಟೀರಿಯಂ (ಭಾರದ ಜಲಜನಕ) ಅಳೆಯಲು ಬೇಕಾಗುವ ನೀರು ಒಂದೆರಡು ಮಿಲಿಲೀಟರ್. ಆದರೆ ಬಾಟಲಿ ಕಂಠದವರೆಗೆ ತುಂಬಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ಖಾಲಿ ಜಾಗ ಇದ್ದರೆ ನೀರು ಅದರೊಳಗೆ ಆವಿಯಾಗುತ್ತದೆ. ಹಗುರ ಅಣುಗಳು ಮೊದಲು ಏಳುತ್ತವೆ, ಉಳಿದ ನೀರು ಭಾರವಾಗುತ್ತದೆ. 1961ರಲ್ಲಿ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ ತೋರಿಸಿದಂತೆ, ಆಮ್ಲಜನಕ-18ರ ಎದುರು ಡ್ಯೂಟೀರಿಯಂ ಮೌಲ್ಯ ಗುರುತಿಸಿದರೆ ಜಗತ್ತಿನ ಮಳೆನೀರು ಸುಮಾರು 8ರ ಇಳಿಜಾರಿನ ಒಂದು ಗೆರೆಯ ಮೇಲೆ ಕೂರುತ್ತದೆ. ಆವಿಯಾದ ನೀರು ಆ ಗೆರೆಯಿಂದ ಜಾರಿ ಕಡಿಮೆ ಇಳಿಜಾರಿನಲ್ಲಿ ಸಾಗುತ್ತದೆ. ಕೆರೆಯಲ್ಲಿ ಆದ ಆವಿಯೋ ನಿಮ್ಮ ಬಾಟಲಿಯಲ್ಲಿ ಆದದ್ದೋ, ಅಂಕಿ ನೋಡಿ ಹೇಳಲಾಗದು. ದಪ್ಪ ಗೋಡೆಯ ಪ್ಲಾಸ್ಟಿಕ್ ಕೆಲವು ವಾರಕ್ಕೆ ನಡೆದೀತು, ವರ್ಷಗಟ್ಟಲೆ ಇಡುವುದಿದ್ದರೆ ಗಾಜು. ತುಂಬಿದ ಗಾಜನ್ನು ಫ್ರೀಜರಿಗೆ ಹಾಕಬೇಡಿ, ಒಡೆಯುತ್ತದೆ.

ಗಿಡದಿಂದ ತೆಗೆದ ನೀರಾದರೆ ಮೊದಲೇ ತಿಳಿಸಿ. ಅದರಲ್ಲಿರುವ ಮೆಥನಾಲ್, ಎಥನಾಲ್ ನೀರಿನ ಐಸೋಟೋಪ್ ಅಳೆಯುವ ಲೇಸರ್ ಯಂತ್ರವನ್ನು ಮೋಸಗೊಳಿಸುತ್ತವೆ.

ನೀರಿನಲ್ಲಿ ತೇಲುವ ಕಣಗಳಿಗೆ ಯಾವ ಫಿಲ್ಟರ್?

ಗಾಜಿನ ನಾರಿನದು. 450 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟು ಅದರ ಇಂಗಾಲ ತೆಗೆದಿರಬೇಕು. ಸೆಲ್ಯುಲೋಸ್, ನೈಲಾನ್ ಫಿಲ್ಟರುಗಳೇ ಇಂಗಾಲ. ಒಂದೆರಡು ಖಾಲಿ ಫಿಲ್ಟರನ್ನೂ ಜೊತೆಗೆ ಕಳಿಸಿ.

## ಕಗ್ಗಂಟುಗಳು

ಸಾರಜನಕ-15 ಗೊಬ್ಬರ ಹಾಕಿದ ಪ್ರಯೋಗ ನನ್ನದು. ಬೇರೆ ಮಾದರಿಗಳ ಜೊತೆಗೇ ಕಳಿಸಬಹುದಾ?

ದಯವಿಟ್ಟು ಬೇಡ. ಸಹಜ ಮಾದರಿಯೊಂದರಲ್ಲಿ 50 ಮೈಕ್ರೋಗ್ರಾಂ ಸಾರಜನಕ ಇದೆ ಎನ್ನಿ. ಅದಕ್ಕೆ ಶುದ್ಧ ಸಾರಜನಕ-15 ಕೇವಲ 0.01 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಲಕ್ಷದಲ್ಲೊಂದು ಪಾಲು ಸೇರಿದರೂ ಮೌಲ್ಯ ಸುಮಾರು 50 ಪರ್ ಮಿಲ್ ಜಿಗಿಯುತ್ತದೆ. ಆಹಾರ ಸರಪಳಿಯ ಒಂದು ಮೆಟ್ಟಿಲು, ಅಂದರೆ ತಿನ್ನುವ ಪ್ರಾಣಿಗೂ ಅದರ ಆಹಾರಕ್ಕೂ ಇರುವ ಸಾರಜನಕದ ವ್ಯತ್ಯಾಸವೇ ಸರಾಸರಿ 3.4 ಪರ್ ಮಿಲ್ ಎಂಬುದನ್ನು ನೆನೆದರೆ ಇದು ಎಂಥ ಅನಾಹುತ ಎಂದು ಗೊತ್ತಾಗುತ್ತದೆ. ಅರೆಯುವ ಪಾತ್ರೆ, ಚಿಮಟ, ತಟ್ಟೆ ಎಲ್ಲ ಬೇರೆ ಇರಲಿ, ಸಾಧ್ಯವಾದರೆ ಕೋಣೆಯೂ. ತಟ್ಟೆಯ ಮೇಲೆ ದೊಡ್ಡದಾಗಿ ಬರೆಯಿರಿ. ಅಂದಾಜು ಪ್ರಮಾಣವನ್ನು ತಿಳಿಸಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಯಂತ್ರಕ್ಕೂ ಹಿಂದಿನ ಮಾದರಿಯ ನೆನಪು ಸ್ವಲ್ಪ ಉಳಿದಿರುತ್ತದೆ. ಗೊಬ್ಬರ ಹಾಕದ ಹೋಲಿಕೆ ಗಿಡಗಳನ್ನು ಎಲ್ಲಕ್ಕಿಂತ ಮೊದಲು ಅರೆದು ಮುಗಿಸಿ.

ಮೂಳೆಯ ಕೊಲಾಜೆನ್ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಕೊಲಾಜೆನ್ ಮೂಳೆಯ ಮುಖ್ಯ ಪ್ರೋಟೀನ್. ಅದರಲ್ಲಿ ಇಂಗಾಲ-ಸಾರಜನಕದ ಪರಮಾಣು ಅನುಪಾತ 2.9ರಿಂದ 3.6ರ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. 1985ರಲ್ಲಿ ಮೈಕೆಲ್ ಡಿನಿರೊ ಮುಂದಿಟ್ಟ ಈ ಅಳತೆ ಇಂದಿಗೂ ಚಲಾವಣೆಯಲ್ಲಿದೆ. ಲ್ಯಾಬ್ ಕೊಡುವುದು ತೂಕದ ಶೇಕಡಾವಾರು. ಅದರ ಅನುಪಾತವನ್ನು 1.17ರಿಂದ ಗುಣಿಸಿದರೆ ಪರಮಾಣು ಅನುಪಾತ. ಇದನ್ನು ಮರೆತು 2.74 ಕಂಡಾಗ ಒಳ್ಳೆಯ ಕೊಲಾಜೆನ್ನನ್ನೇ ಎಸೆದವರಿದ್ದಾರೆ. ಗುಣಿಸಿದ್ದರೆ ಅದು 3.2.

ಅದೇ ಗರಿ, ಡ್ಯೂಟೀರಿಯಂ ಮೌಲ್ಯ ಎರಡು ಲ್ಯಾಬಿನಲ್ಲಿ ಬೇರೆ ಬೇರೆ. ಯಾರು ತಪ್ಪು?

ಬಹುಶಃ ಗಾಳಿ. ಗರಿಯ ಪ್ರೋಟೀನಾದ ಕೆರಾಟಿನ್ನಿನ ಜಲಜನಕದಲ್ಲಿ ಒಂದು ಪಾಲು ಸಡಿಲ. ಸುತ್ತಲಿನ ತೇವದ ಜೊತೆ ಅದಲುಬದಲಾಗುತ್ತಲೇ ಇರುತ್ತದೆ. ಅದಕ್ಕೇ ಮೌಲ್ಯ ತಿಳಿದಿರುವ ಕೆರಾಟಿನ್ ಪ್ರಮಾಣವಸ್ತುವನ್ನು ನಿಮ್ಮ ಮಾದರಿಯ ಜೊತೆ ಅದೇ ಗಾಳಿಯಲ್ಲಿ ಕೆಲವು ದಿನ ಇಟ್ಟು, ಒಟ್ಟಿಗೇ ಅಳೆದು, ಅದಲುಬದಲಾಗದ ಪಾಲನ್ನು ಲೆಕ್ಕ ಹಾಕುತ್ತಾರೆ. ಇಬ್ಬರೂ ಯಾವ ಪ್ರಮಾಣವಸ್ತು ಬಳಸಿದರು, ಅದಕ್ಕೆ ಯಾವ ಮೌಲ್ಯ ಹಿಡಿದರು ಎಂದು ಕೇಳಿ.

ಇಂಗಾಲ, ಸಾರಜನಕದಲ್ಲೂ ಈ ಪ್ರಶ್ನೆ ಕೇಳುವ ಅಭ್ಯಾಸ ಒಳ್ಳೆಯದು. ಪ್ರಮಾಣವಸ್ತುಗಳೂ ಕೆಡುತ್ತವೆ. ಇಂಗಾಲದ ಅಳತೆಗೋಲಿನ ಕೆಳತುದಿಯನ್ನು ಮೈನಸ್ 46.6ಕ್ಕೆ ಕಟ್ಟಿಹಾಕಿದ್ದ ಲಿಥಿಯಂ ಕಾರ್ಬೊನೇಟ್ ಪುಡಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಸರಿಯುತ್ತಿದೆ ಎಂದು ತಿಳಿದ ಮೇಲೆ ಅದನ್ನು ಆ ಕೆಲಸದಿಂದ ಬಿಡಿಸಬೇಕಾಯಿತು.

ಒಂದೇ ಮಾದರಿಯ ಎರಡು ಕ್ಯಾಪ್ಸೂಲಿನಲ್ಲಿ 0.8 ವ್ಯತ್ಯಾಸ ಬಂದಿದೆ. ಲ್ಯಾಬಿಗೆ ದೂರು ಕೊಡಲಾ?

ಮೊದಲು ಅದೇ ಸರದಿಯಲ್ಲಿ ಲ್ಯಾಬ್ ಓಡಿಸಿದ ಪ್ರಮಾಣವಸ್ತುವಿನ ಅಂಕಿಗಳನ್ನು ತರಿಸಿ ನೋಡಿ. ಅವು ಇಂಗಾಲಕ್ಕೆ 0.1ರಿಂದ 0.2, ಸಾರಜನಕಕ್ಕೆ 0.2ರಿಂದ 0.3 ಪರ್ ಮಿಲ್ ಒಳಗೆ ಕೂತಿದ್ದರೆ ಯಂತ್ರ ಸರಿಯಿತ್ತು, ನಿಮ್ಮ ಪುಡಿ ಒಂದೇ ಸಮ ಇರಲಿಲ್ಲ. ಪ್ರಮಾಣವಸ್ತುವೇ ಚದುರಿದ್ದರೆ ಮರು ಅಳತೆ ಕೇಳುವುದು ನಿಮ್ಮ ಹಕ್ಕು. ಎರಡೂ ಸಂದರ್ಭದಲ್ಲಿ ಮತ್ತೆ ಪುಡಿ ಬೇಕಾಗುತ್ತದೆ, ಆದ್ದರಿಂದ ಉಳಿದದ್ದನ್ನು ಗಾಜಿನ ಸೀಸೆಯಲ್ಲಿ, ಒಣ ಜಾಗದಲ್ಲಿ, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಒಳಗಿಡದೆ ಹೊರಗೆ ಕಟ್ಟಿ ಇಟ್ಟುಕೊಂಡಿರಿ. ಒಳಗಿಟ್ಟ ಕಾಗದ ಸವೆದು ಉದುರಿದರೆ ಅದರ ನಾರೂ ಗಿಡದ ಇಂಗಾಲವೇ.